ಕನ್ನಡ ಶಾಲೆಯೂ ನಮ್ಮ ಸಂವಿಧಾನವೂ

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹೀಗೆ ಎರಡನ್ನೂ ಆಡುತ್ತ ಬೆಳೆದವರು ನಾವು ಅಕ್ಕಲಕೋಟದವರು. ಅಕ್ಕಲಕೋಟ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ರಚನೆಯಾದಾಗ ಈ ಭಾಗವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರದ ಅಂಗವಾಯಿತು. ಹೀಗಾಗಿ ಈ ರಾಜ್ಯದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಹಾಗಾದರೆ ಇಲ್ಲಿ ಕನ್ನಡ ಶಾಲೆ ನಡೆಯುವುದು ಯಾರ ದಯೆಯಿಂದ? ಯಾರ ದಯೆಯಿಂದಲೂ ಅಲ್ಲ. ಅದು ನಮ್ಮ ಹಕ್ಕು.

ಇಂಥ ಹಕ್ಕಿನ ಬೆಲೆ ತಿಳಿಯಲು ಅಮೇರಿಕೆಯ ಒಂದು ಮೊಕದ್ದಮೆಯನ್ನು ನೋಡೋಣ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಆ ದೇಶದ ವೈರಿಯಾಗಿತ್ತು. ಆ ಸಿಟ್ಟಿನಲ್ಲಿ ನೆಬ್ರಾಸ್ಕಾ ರಾಜ್ಯವು 1919ರಲ್ಲಿ ಒಂದು ಕಾಯದೆ ಮಾಡಿತು: ಎಂಟನೆಯ ಇಯತ್ತೆ ಮುಗಿಯುವವರೆಗೆ ಮಕ್ಕಳಿಗೆ ಪರಭಾಷೆ ಕಲಿಸಕೂಡದು. 1920ರಲ್ಲಿ ರಾಬರ್ಟ್ ಮೇಯರ್ ಎಂಬ ಶಿಕ್ಷಕರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದುವುದನ್ನು ಕಲಿಸಿದರು. ಅವರಿಗೆ 25 ಡಾಲರ್ ದಂಡವಾಯಿತು. ಮೇಯರ್ ಸುಮ್ಮನಾಗಲಿಲ್ಲ. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಅಮೇರಿಕೆಯ ಸಂವಿಧಾನವು ಭಾಷೆಯ ಹಕ್ಕನ್ನು ಹೆಸರಿಸಿ ಹೇಳಿಲ್ಲ. ಆದರೂ 1868ರ ಹದಿನಾಲ್ಕನೆಯ ತಿದ್ದುಪಡಿಯಲ್ಲಿರುವ ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಶಿಕ್ಷಕನು ಕಲಿಸುವ, ಪಾಲಕರು ಕಲಿಸಿಕೊಳ್ಳುವ ಹಕ್ಕೂ ಅಡಗಿದೆಯೆಂದು ನ್ಯಾಯಾಲಯ ಸಾರಿತು.

ನಮ್ಮ ಸಂವಿಧಾನವು ಇದನ್ನು ಊಹೆಗೆ ಬಿಟ್ಟಿಲ್ಲ. 29ನೆಯ ವಿಧಿಯಂತೆ, ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಉಳ್ಳವರು ಅದನ್ನು ಉಳಿಸಿಕೊಳ್ಳಬಹುದು. 30ನೆಯ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆಯನ್ನು ಸ್ಥಾಪಿಸಿ ನಡೆಸಬಹುದು; ಅಲ್ಪಸಂಖ್ಯಾತರ ಶಾಲೆಯೆಂಬ ಕಾರಣಕ್ಕೆ ಸರಕಾರವು ಅನುದಾನದಲ್ಲಿ ಭೇದ ಮಾಡುವಂತಿಲ್ಲ. ಇವು ಮೂಲಭೂತ ಹಕ್ಕುಗಳು. ಇವುಗಳಿಗೆ ಧಕ್ಕೆಯಾದರೆ 32ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯಕ್ಕೆ, 226ರಂತೆ ಉಚ್ಚ ನ್ಯಾಯಾಲಯಕ್ಕೆ ನೇರವಾಗಿ ಹೋಗಬಹುದು. 2025ರ ಆಗಸ್ಟಿನಲ್ಲಿ ಕೊಲ್ಹಾಪುರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ಆರಂಭವಾದ್ದರಿಂದ ಸೊಲ್ಲಾಪುರ ಜಿಲ್ಲೆಯವರಿಗೆ ಆ ಬಾಗಿಲು ಹತ್ತಿರವಾಗಿದೆ.

1956ರ ಏಳನೆಯ ತಿದ್ದುಪಡಿಯು ಇನ್ನೆರಡು ವಿಧಿಗಳನ್ನು ಸೇರಿಸಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬುದು 350ಎ. ಭಾಷಾ ಅಲ್ಪಸಂಖ್ಯಾತರ ಸ್ಥಿತಿಗತಿಯನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸುವ ವಿಶೇಷ ಅಧಿಕಾರಿಯನ್ನು ನೇಮಿಸುವುದು 350ಬಿ.

ಆದರೆ ಹಕ್ಕಿಗೆ ಮಿತಿಯೂ ಉಂಟು. ಮಹಾರಾಷ್ಟ್ರದ ಅಲ್ಪಸಂಖ್ಯಾತರ ಶಾಲೆಗಳಲ್ಲಿ ಮರಾಠಿಯನ್ನು ಒಂದು ವಿಷಯವಾಗಿ ಕಡ್ಡಾಯ ಮಾಡಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಎತ್ತಿಹಿಡಿಯಿತು. ಅದು ಸರಿಯೇ ಆಗಿದೆ. ಇರುವ ನಾಡಿನ ನುಡಿ ಅರಿಯದೆ ಬಾಳುವೆ ಸಾಗದು. ಕನ್ನಡ ಉಳಿಸಿಕೊಳ್ಳುವುದೆಂದರೆ ಮರಾಠಿಯನ್ನು ದೂರವಿಡುವುದಲ್ಲ.

ಪಾಲಕರು ಲಕ್ಷ್ಯವಿಡಬೇಕಾದ ಮಾತು ಇನ್ನೊಂದಿದೆ. 1949ರಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಭಾಷೆಯ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ 40 ಇಲ್ಲವೆ ವರ್ಗದಲ್ಲಿ 10 ಇದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಗೊತ್ತುಮಾಡಿತು. ಅಂದರೆ ಹಕ್ಕಿನ ಜೊತೆಗೆ ಹಾಜರಿಪಟವೂ ಬೇಕು. ಮಾಧ್ಯಮದ ಆಯ್ಕೆ ಪಾಲಕರದು, ಸರಕಾರವು ಅದನ್ನು ಹೇರಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಸಂವಿಧಾನವು ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು. ಮಗುವಿನ ಕೈಹಿಡಿದು ಒಳಗೆ ಕರೆತರಲಾರದು. ಆ ಕೆಲಸ ನಮ್ಮದು. ಕಾಯದೆಯ ಬಲ ನಮಗಿದೆ. ಅದನ್ನು ಬಳಸುವ ಮನಸ್ಸು ಮಾಡೋಣ.