ಖಾತೆ ಪುಸ್ತಕದ ಕೊನೆಯ ಕಾಲಂ

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನಾನು ನೋಡಿದ ಅತ್ಯಂತ ಪ್ರಾಮಾಣಿಕ ದಾಖಲೆ ಇರುವುದು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ, ಈರುಳ್ಳಿ ಮಂಡಿಯೊಂದರ ಗಲ್ಲಾಪೆಟ್ಟಿಗೆಯ ಕೆಳಗೆ. ಕೆಂಪು ಬಟ್ಟೆಯ ರಟ್ಟಿನ ಉದ್ದ ಖಾತೆ ಪುಸ್ತಕ. ಮುಂದಿನಿಂದ ತೆರೆದರೆ ಲಾರಿ ಬಾಡಿಗೆ, ಹಮಾಲಿ, ರೈತರ ಬಾಕಿ. ಹಿಂದಿನಿಂದ ತೆರೆದರೆ ಮಂಡಿಯ ಯಜಮಾನರ ದೇಹದ ಲೆಕ್ಕ. ತಾರೀಖು, ತೂಕ, ಸೊಂಟ, ಬಿ.ಪಿ., ನಿದ್ದೆ ಎಂದು ಸ್ಕೇಲು ಹಿಡಿದು ಗೆರೆ ಎಳೆದಿದ್ದಾರೆ. ಕೊನೆಯ ಕಾಲಂಗೆ ತಲೆಬರಹವಿಲ್ಲ. ಅಲ್ಲಿರುವುದು ಬರೀ ನೀಲಿ ಟಿಕ್ ಗುರುತು. ಕೆಲವು ವಾರ ಎರಡು, ಕೆಲವು ವಾರ ಒಂದು. ಆರನೇ ವಾರದಿಂದ ಬಹುಕಾಲ ಪೂರ್ತಿ ಖಾಲಿ.

“ಅದೇನು ಅಂತ ಕೇಳ್ಬೇಡಿ ಸಾರ್, ನಿಮಗೇ ಗೊತ್ತಾಗುತ್ತೆ” ಎಂದರು. ಐವತ್ತರ ಆಸುಪಾಸಿನವರು. ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ಪುಸ್ತಕ ಕೈಗೆ ಕೊಟ್ಟರು.

ಅವರು ತೆಗೆದುಕೊಳ್ಳುತ್ತಿರುವುದು ಟಿರ್ಜೆಪಟೈಡ್, 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿ ಇಲ್ಲಿಗೆ ಬಂದ ಔಷಧ. ಅದೇ ಜೂನ್‌ನಲ್ಲಿ ಸೆಮಾಗ್ಲುಟೈಡ್‌ನ ವೆಗೋವಿಯೂ ಬಂತು. ಕರುಳಿನ ಜಿಎಲ್‌ಪಿ-1 ಹಾರ್ಮೋನಿನಂತೆ ನಟಿಸಿ ಹಸಿವು ತಗ್ಗಿಸುವ ಈ ಔಷಧಗಳ ಪರಿಚಯ ಈಗ ಯಾರಿಗೂ ಬೇಕಿಲ್ಲ.

ಮೊದಲ ಸಾಲಿನಲ್ಲಿ ತೂಕ 98 ಕಿಲೋ, ಸೊಂಟ 42 ಇಂಚು. ಸೊಂಟ ಅಳೆಯುವುದು ಹೆಂಡತಿ, ಬ್ಲೌಸ್ ಹೊಲಿಯುವ ಟೇಪಿನಲ್ಲಿ. ಆರನೇ ವಾರದ ಅಂಚಿನಲ್ಲಿ ‘ವಾಂತಿ’ ಎಂಬ ಒಂದೇ ಪದ. ಹದಿನಾಲ್ಕನೇ ವಾರಕ್ಕೆ ತೂಕ 89. “ಏನ್ ಯಜಮಾನ್ರೇ, ಹುಡುಗನ ಥರ ಆಗ್ಬಿಟ್ರಿ ಅಂತ ಮಂಡಿಯವರೆಲ್ಲ ಅಂತಿದ್ರು. ಮನೇಲಿ ನಾನು ಮುದುಕ ಆಗಿದ್ದೆ ಸಾರ್.” ಔಷಧ ನಿಲ್ಲಿಸಬೇಕೆಂದು ಅವರು ತೀರ್ಮಾನಿಸಿದ್ದರು. ಸುಮ್ಮನೆ ನಿಲ್ಲಿಸುವ ಬದಲು ಪುಸ್ತಕವನ್ನೇ ತಗೊಂಡುಹೋಗಿ ಡಾಕ್ಟರಿಗೆ ತೋರಿಸಿ ಎಂದವರು ಹೆಂಡತಿ. ಆ ಹೆಣ್ಣುಮಗಳ ಬಗ್ಗೆ ನನಗೆ ಅಪಾರ ಗೌರವ.

ಡಾಕ್ಟರ್ ಮೇಡಂ ಕಣ್ಣು ಮೊದಲು ಬಿದ್ದದ್ದು ಕೊನೆಯ ಕಾಲಂ ಮೇಲಲ್ಲ, ಬಿ.ಪಿ. ಕಾಲಂ ಮೇಲೆ. 102/64. ತೂಕ 98 ಇದ್ದಾಗ ಗೊತ್ತುಮಾಡಿದ ಬಿ.ಪಿ. ಮಾತ್ರೆಯನ್ನೇ ಇವರು ನುಂಗುತ್ತಿದ್ದರು. ಅದರಲ್ಲಿ ನೀರು ಹೊರಹಾಕುವ ಥಯಾಜೈಡ್ ಇತ್ತು. ಲೈಂಗಿಕ ಶಕ್ತಿಯನ್ನು ಕುಗ್ಗಿಸಬಲ್ಲ ಔಷಧಗಳಲ್ಲಿ ಅದೂ ಒಂದು. ಜೊತೆಗೆ ರಾತ್ರಿ ಊಟವೇ ಇಲ್ಲ, ದಿನಕ್ಕೆ ಒಂದು ಮುದ್ದೆಯೂ ಪೂರ್ತಿ ಇಳಿಯುತ್ತಿರಲಿಲ್ಲ. ದೇಹಕ್ಕೆ ಅಷ್ಟು ಕಡಿಮೆ ಅನ್ನ ಹೋದರೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ಸ್ನಾಯು ಕರಗುತ್ತದೆ, ಸುಸ್ತು ಹತ್ತುತ್ತದೆ. ಮೇಡಂ ಬಿ.ಪಿ. ಮಾತ್ರೆ ಬದಲಿಸಿದರು, ಇಂಜೆಕ್ಷನ್ ಡೋಸ್ ಏರಿಸದೆ ತಡೆದರು, ಮೊಟ್ಟೆ, ಹೆಸರುಕಾಳು, ಮೊಸರು ಎಂದು ಬರೆದುಕೊಟ್ಟರು. ಎರಡು ತಿಂಗಳ ನಂತರದ ಪುಟದಲ್ಲಿ ನೀಲಿ ಟಿಕ್ ಮತ್ತೆ ಕಾಣಿಸುತ್ತದೆ.

ಮಾತ್ರೆಯೋ, ಊಟವೋ, ಮನಸ್ಸಿನ ಭಯವೋ, ಯಾವುದು ಕಾರಣ ಎಂದು ಒಬ್ಬರ ಪುಸ್ತಕದಿಂದ ತೀರ್ಮಾನಿಸಲಾಗದು. ದೊಡ್ಡ ಅಧ್ಯಯನಗಳೂ ಎರಡು ಕಡೆ ಎಳೆಯುತ್ತವೆ. ಮಧುಮೇಹವಿಲ್ಲದ, ಸೆಮಾಗ್ಲುಟೈಡ್ ಪಡೆದ 3,094 ಸ್ಥೂಲಕಾಯದ ಗಂಡಸರ ಆಸ್ಪತ್ರೆ ದಾಖಲೆಗಳನ್ನು ನೋಡಿದ 2024ರ ಅಮೆರಿಕದ ಅಧ್ಯಯನದಲ್ಲಿ ಶೇ 1.47 ಮಂದಿಗೆ ನಿಮಿರು ದೌರ್ಬಲ್ಯ ದಾಖಲಾಗಿತ್ತು. ಔಷಧ ಪಡೆಯದವರಲ್ಲಿ ಶೇ 0.32. ಪತ್ರಿಕೆಗಳು ಇದನ್ನು ಭಯದ ತಲೆಬರಹವಾಗಿಸಿದವು. ನನಗೆ ಅಷ್ಟು ನಂಬಿಕೆಯಿಲ್ಲ. ಔಷಧಕ್ಕಾಗಿ ಪದೇ ಪದೇ ವೈದ್ಯರ ಬಳಿ ಹೋಗುವವರ ತೊಂದರೆ ಹೆಚ್ಚಾಗಿ ದಾಖಲಾಗುವುದು ಸಹಜ. ಅಲ್ಲದೆ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿಗೆ ಅಂಥ ದಾಖಲೆಯೇ ಇಲ್ಲ. ಇನ್ನೊಂದು ಕಡೆ, 2025ರಲ್ಲಿ ಅಮೆರಿಕದ ಎಂಡೊಕ್ರೈನ್ ಸೊಸೈಟಿ ಸಮ್ಮೇಳನದಲ್ಲಿ ಮಂಡಿಸಿದ 110 ಗಂಡಸರ ಅಧ್ಯಯನದಲ್ಲಿ, ಇದೇ ಬಗೆಯ ಔಷಧದಿಂದ ತೂಕ ಶೇ 10ರಷ್ಟು ಇಳಿದಾಗ ಟೆಸ್ಟೋಸ್ಟಿರಾನ್ ಸಹಜ ಮಟ್ಟದಲ್ಲಿರುವವರ ಪ್ರಮಾಣ ಶೇ 53ರಿಂದ 77ಕ್ಕೆ ಏರಿತ್ತು. ಕೊಬ್ಬಿನ ಅಂಗಾಂಶ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜೆನ್ ಆಗಿ ಬದಲಿಸುವುದರಿಂದ ಬೊಜ್ಜು ಕರಗಿದರೆ ಹೀಗಾಗುವುದು ನ್ಯಾಯವೇ.

ಇಲ್ಲಿ ನನ್ನನ್ನು ಬಿಡದೆ ಕಾಡುವ ಪ್ರಾಣಿಯೊಂದರ ವಿಷಯ ಹೇಳಲೇಬೇಕು. ಅರಿಜೋನಾ, ಸೊನೋರಾ ಮರುಭೂಮಿಯ ಹೀಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿ. ನಮ್ಮ ಉಡಕ್ಕಿಂತ ಚಿಕ್ಕದು, ಮೈತುಂಬ ಕಪ್ಪು ಮತ್ತು ಕಿತ್ತಳೆ ಮಣಿ ಪೋಣಿಸಿದಂತಿರುತ್ತದೆ. ವರ್ಷಕ್ಕೆ ಕೆಲವೇ ಊಟ. ದಪ್ಪ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡು ಬಹುಕಾಲ ನೆಲದಡಿ ಮಲಗಿರುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಡಾ. ಜಾನ್ ಎಂಗ್ 1992ರಲ್ಲಿ ಅದರ ವಿಷದಲ್ಲಿ ಎಕ್ಸೆಂಡಿನ್-4 ಎಂಬ ಪೆಪ್ಟೈಡ್ ಕಂಡರು. ನಮ್ಮ ದೇಹದ ಜಿಎಲ್‌ಪಿ-1 ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷ, ಹಲ್ಲಿಯದು ಗಂಟೆಗಟ್ಟಲೆ. ಪೇಟೆಂಟ್‌ಗೆ ಸರ್ಕಾರಿ ಇಲಾಖೆ ಮುಂದಾಗಲಿಲ್ಲ, ಎಂಗ್ ಸ್ವಂತ ದುಡ್ಡು ಹಾಕಿದರು. 2005ರಲ್ಲಿ ಅದೇ ಎಕ್ಸೆನಟೈಡ್ ಎಂಬ ಮಧುಮೇಹದ ಔಷಧವಾಯಿತು. ಇಂದಿನ ಸೆಮಾಗ್ಲುಟೈಡ್ ಹಲ್ಲಿಯಿಂದ ಬಂದದ್ದಲ್ಲ, ಮನುಷ್ಯರ ಹಾರ್ಮೋನನ್ನೇ ತಿದ್ದಿ ವಾರಗಟ್ಟಲೆ ಉಳಿಯುವಂತೆ ಮಾಡಿದ್ದು. ಆದರೆ ದಾರಿ ತೋರಿಸಿದ್ದು ಆ ಹಲ್ಲಿ. ಸ್ವೀಡನ್ನಿನ ಸಂಶೋಧಕರು ಇದೇ ಎಕ್ಸೆಂಡಿನ್-4 ಅನ್ನು ಗಂಡು ಇಲಿಗಳಿಗೆ ಕೊಟ್ಟು ನೋಡಿದಾಗ ಅವು ಹೆಣ್ಣಿನ ಮೇಲೇರುವುದು ಕಡಿಮೆಯಾಗಿತ್ತು. ಮೆದುಳಲ್ಲಿ ಸುಖದ ಆಸೆ ಹುಟ್ಟಿಸುವ ಜಾಗದಲ್ಲೂ ಜಿಎಲ್‌ಪಿ-1 ಗ್ರಾಹಕಗಳಿವೆ. ಊಟದ ಹಂಬಲ ಇಳಿಸುವ ಔಷಧ ಬೇರೆ ಹಂಬಲಗಳನ್ನೂ ಮುಟ್ಟಬಹುದು ಎಂಬ ಶಂಕೆಯ ಬೇರು ಇಲ್ಲಿದೆ. ಇಲಿಯ ಮಾತು ಮನುಷ್ಯನಿಗೆ ಹಾಗೇ ಹೊಂದಬೇಕೆಂದಿಲ್ಲ. ಆದರೆ ಆಸೆ ಕಡಿಮೆಯಾಯಿತು ಎಂದು ಹೇಳುವ ರೋಗಿಯನ್ನು ‘ಎಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು ಕಳಿಸುವುದು ತಪ್ಪು. ಮೆದುಳಿನ ಇನ್ನೊಂದು ಗ್ರಾಹಕವನ್ನು ತಡೆದು ತೂಕ ಇಳಿಸುತ್ತಿದ್ದ ರಿಮೊನಾಬಾಂಟ್ ಜನರನ್ನು ಖಿನ್ನತೆಗೆ ನೂಕಿ 2008ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಆ ಪಾಠ ಹಳೆಯದಾಗಿಲ್ಲ.

ಹೆಂಗಸರ ಬಗ್ಗೆ ಇಂಥ ಅಧ್ಯಯನಗಳು ತೀರಾ ಕಡಿಮೆ, ಇದು ನನಗೆ ಸಿಟ್ಟು ತರಿಸುತ್ತದೆ. ಆದರೆ ಅವರು ಖಂಡಿತ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಪರಿಣಾಮವನ್ನು ತಗ್ಗಿಸಬಹುದು. ಆರಂಭಿಸಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಕಾಂಡೋಮ್‌ನಂಥ ಬೇರೆ ಉಪಾಯ ಬೇಕು. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ಬಿಡಬೇಕು. ಬೊಜ್ಜಿನಿಂದ ತಪ್ಪಿದ್ದ ಮುಟ್ಟು ತೂಕ ಇಳಿದಂತೆ ಸರಿಹೋಗಿ, ಎಣಿಸದೆ ಗರ್ಭ ನಿಲ್ಲುವುದುಂಟು.

2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಅವಧಿ ಇಲ್ಲಿ ಮುಗಿಯಿತು. ಅಗ್ಗವಾದಷ್ಟೂ ತಪಾಸಣೆ ಇಲ್ಲದೆ ಚುಚ್ಚಿಕೊಳ್ಳುವವರು ಹೆಚ್ಚುತ್ತಾರೆ ಎಂಬುದೇ ನನ್ನ ಚಿಂತೆ. ಮೊದಲ ಸೂಜಿಗೆ ಮುಂಚೆಯೇ ಸಕ್ಕರೆ, ಕಿಡ್ನಿ, ಬಿ.ಪಿ. ನೋಡಿಸಿ, ಮಧುಮೇಹಿಗಳಾದರೆ ಕಣ್ಣಿನ ಪರದೆಯನ್ನೂ ನೋಡಿಸಿ. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧ ಬೇಡ. ಹೊಟ್ಟೆನೋವು ತಡೆಯಲಾರದಷ್ಟಿದ್ದು ಬೆನ್ನಿಗೆ ಹರಿದರೆ, ಇಲ್ಲವೇ ದೃಷ್ಟಿ ಏಕಾಏಕಿ ಮಂದವಾದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಆಸೆ ಬತ್ತಿದರೆ, ಗಂಡಸರು ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟಿರಾನ್ ಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಥೈರಾಯ್ಡ್ ನೋಡಿಸಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಖಿನ್ನತೆಯ ಮಾತ್ರೆಯೂ ಸೇರಿದಂತೆ, ಡಾಕ್ಟರ ಮುಂದಿಡಿ. ಅವರು ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ಹೇಳದೆ ಔಷಧ ಮಾತ್ರ ನಿಲ್ಲಿಸಬೇಡಿ: ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗವೊಂದರಲ್ಲಿ, ಔಷಧ ಬಿಟ್ಟವರಿಗೆ ಇಳಿದಿದ್ದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿ ಬಂದಿತ್ತು.