ಕಡಲು ಬರೆಯುವ ಗಾಳಿಯ ಲೆಕ್ಕ

ಮೊಮ್ಮಗಳ ಜೊತೆ ಮಲ್ಪೆ ಬಂದರಿಗೆ ಹೋಗಿದ್ದೆ. ಒಳ್ಳೆಯ ಬಿಸಿಲು, ಶಾಂತವಾದ ಕಡಲು. ಆದರೂ ಬೋಟುಗಳೆಲ್ಲ ದಡದಲ್ಲೇ ಸಾಲಾಗಿ ನಿಂತಿದ್ದವು. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ದೂರದ ಕಡಲಲ್ಲಿ ಗಾಳಿ ಜೋರಂತೆ, ಹೋಗಬೇಡಿ ಎಂದು ಎಚ್ಚರಿಕೆ ಬಂದಿದೆ. ನಮ್ಮ ಕಾಲದಲ್ಲಿ ಮೋಡ ನೋಡಿ ಹೊರಡುತ್ತಿದ್ದೆವು. ಹೋದವರೆಲ್ಲ ಮರಳಿ ಬರುತ್ತಿರಲಿಲ್ಲ" ಎಂದರು.

"ಅಜ್ಜ, ಅಷ್ಟು ದೂರದಲ್ಲಿ ಯಾರೂ ಇಲ್ಲವಲ್ಲ, ಗಾಳಿ ಜೋರು ಅಂತ ಹೇಗೆ ತಿಳಿಯಿತು?" ಎಂದಳು ಮೊಮ್ಮಗಳು.

ಅಂದು ರಾತ್ರಿ ದೀಪ ಆರಿಸಿ, ನೆಲದ ಮೇಲೆ ಒಂದು ಕನ್ನಡಿ ಇಟ್ಟೆ. ಅವಳು ಟಾರ್ಚನ್ನು ಓರೆಯಾಗಿ ಬಿಟ್ಟಳು. ಬೆಳಕು ಎದುರಿನ ಗೋಡೆಗೆ ಹೋಯಿತು. ನಮ್ಮ ಕಣ್ಣಿಗೆ ಕನ್ನಡಿ ಕಪ್ಪಾಗಿಯೇ ಕಂಡಿತು. ಬಳಿಕ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಮುದುರಿ, ಅರ್ಧ ಬಿಡಿಸಿ ಇಟ್ಟೆ. ಈಗ ಅದರ ಸುಕ್ಕುಗಳು ನಮ್ಮ ಕಡೆಗೇ ಮಿನುಗಿದವು!

ಮಕ್ಕಳೇ, ರಾಡಾರ್ ಕೂಡ ಇಂಥದೇ ಟಾರ್ಚು. ಬೆಳಕಿನ ಬದಲು ರೇಡಿಯೊ ಅಲೆಗಳನ್ನು ಕಳಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ಅಳೆಯುತ್ತದೆ. ಶಾಂತ ಕಡಲು ಕನ್ನಡಿಯಂತೆ; ಓರೆಯಾಗಿ ಬಿದ್ದ ಅಲೆಗಳನ್ನು ಆಚೆಗೆ ದಾಟಿಸಿಬಿಡುತ್ತದೆ. ಗಾಳಿ ಬೀಸಿದರೆ ನೀರಿನ ಮೇಲೆ ಸಣ್ಣ ಸಣ್ಣ ಕಿರುಅಲೆಗಳು ಏಳುತ್ತವೆ. ಅವು ಒಂದಿಷ್ಟು ಅಲೆಗಳನ್ನು ಬಂದ ದಾರಿಗೇ ಹಿಂತಿರುಗಿಸುತ್ತವೆ. ಸಾಮಾನ್ಯವಾಗಿ ಗಾಳಿ ಹೆಚ್ಚಿದಷ್ಟೂ ಪ್ರತಿಧ್ವನಿ ಜೋರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಹಡಗು ಹುಡುಕಲು ಹೋದರೆ ಪರದೆಯ ತುಂಬ ಕಡಲಿನದೇ ಗದ್ದಲ! ಮುಂದೆ ವಿಜ್ಞಾನಿಗಳು ಆ ಗದ್ದಲದಲ್ಲೇ ಗಾಳಿಯ ಲೆಕ್ಕ ಅಡಗಿರುವುದನ್ನು ಕಂಡುಕೊಂಡರು.

ನಮ್ಮ ಇಸ್ರೊ 2009ರಲ್ಲಿ ಹಾರಿಸಿದ ಓಷನ್‌ಸ್ಯಾಟ್-2 ಉಪಗ್ರಹದಲ್ಲಿ ಇಂಥ ಒಂದು ರಾಡಾರ್ ಇತ್ತು. ಅದರ ಹೆಸರು ಸ್ಕ್ಯಾಟರೋಮೀಟರ್. 2022ರ ನವೆಂಬರ್ 26ರಂದು ಹಾರಿದ ಇಒಎಸ್-06ರಲ್ಲೂ ಅದಿದೆ. 700 ಕಿ.ಮೀ.ಗೂ ಹೆಚ್ಚು ಎತ್ತರದಿಂದ ಅದು ಕಳಿಸುವ ಅಲೆಗಳ ಉದ್ದ ಸುಮಾರು 2 ಸೆಂಟಿಮೀಟರ್ ಮಾತ್ರ. ಅದಕ್ಕೆ ಉತ್ತರ ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ ಪುಟ್ಟ ಕಿರುಅಲೆಗಳು. ಒಂದೇ ಜಾಗವನ್ನು ಬೇರೆ ಬೇರೆ ದಿಕ್ಕಿನಿಂದ ನೋಡಿ, ಗಾಳಿಯ ವೇಗವನ್ನಷ್ಟೇ ಅಲ್ಲ, ದಿಕ್ಕನ್ನೂ ತಿಳಿಯುತ್ತಾರೆ. ಚಂಡಮಾರುತದ ಮುನ್ಸೂಚನೆಗೆ ಈ ಲೆಕ್ಕವೂ ನೆರವಾಗುತ್ತದೆ.

ಅಜ್ಜ ಅಜ್ಜಿಯರೇ, ಇಂದು ರಾತ್ರಿ ಮೊಮ್ಮಕ್ಕಳೊಡನೆ ನೀವೂ ಟಾರ್ಚು ಹಿಡಿದು ನೋಡಿ. ನನ್ನ ಮೊಮ್ಮಗಳು ಬೆಳ್ಳಿ ಕಾಗದವನ್ನು ಎಸೆಯಲಿಲ್ಲ. "ಮುಂದಿನ ಸಲ ಮಲ್ಪೆಗೆ ಹೋದಾಗ ಆ ಅಜ್ಜನಿಗೂ ತೋರಿಸಬೇಕು" ಎಂದು ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ.