ಒಡೆತನ ಬದಲಾದಾಗ

ಸರಕಾರದ ಸ್ವಾಮ್ಯದಲ್ಲಿರುವ ಉದ್ಯಮವನ್ನು ಖಾಸಗಿಯವರಿಗೆ ಒಪ್ಪಿಸುವುದಕ್ಕೆ ಖಾಸಗೀಕರಣವೆಂದು ಹೆಸರು. ಇದಕ್ಕೆ ವಿರುದ್ಧವಾದುದು ರಾಷ್ಟ್ರೀಕರಣ. ಒಂದೇ ಸಂಸ್ಥೆಯು ಈ ಎರಡು ಹಾದಿಗಳನ್ನೂ ತುಳಿದ ನಿದರ್ಶನವನ್ನು ಕಾಣಬೇಕಾದರೆ ಮುಂಬಯಿಯ ವಿದ್ಯಾರ್ಥಿಗಳಾದ ನಾವು ದೂರ ಹೋಗಬೇಕಾಗಿಲ್ಲ. ಏರ್ ಇಂಡಿಯಾದ ಕಥೆಯನ್ನು ತಿಳಿದರೆ ಸಾಕು.

1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಟಪಾಲು ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ತಾವೇ ನಡೆಸಿ ಜುಹೂವಿನಲ್ಲಿ ಇಳಿಸಿದರು. ಅಂದು ಆರಂಭವಾದ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಎನಿಸಿತು. ಮಹಾಯುದ್ಧದ ಅನಂತರ ದೇಶದಲ್ಲಿ ವಿಮಾನ ಕಂಪೆನಿಗಳು ಅಗತ್ಯಕ್ಕಿಂತ ಹೆಚ್ಚಾಗಿ, ಹಲವು ನಷ್ಟಕ್ಕೀಡಾದವು. ಆದಕಾರಣ 1953ರಲ್ಲಿ ಸರಕಾರವು ಕಾಯಿದೆ ಮಾಡಿ, ಪರಿಹಾರಧನವನ್ನು ಕೊಟ್ಟು, ಅವುಗಳನ್ನು ವಶಕ್ಕೆ ತೆಗೆದುಕೊಂಡು ಎರಡು ನಿಗಮಗಳನ್ನು ಸ್ಥಾಪಿಸಿತು. ದೇಶದೊಳಗಿನ ಸಂಚಾರ ಇಂಡಿಯನ್ ಏರ್‌ಲೈನ್ಸ್‌ಗೂ ವಿದೇಶ ಸಂಚಾರ ಏರ್ ಇಂಡಿಯಾಕ್ಕೂ ಸೇರಿತು. 2007ರಲ್ಲಿ ಇವೆರಡೂ ಒಂದುಗೂಡಿದವು.

ಆದರೆ ವರ್ಷವರ್ಷವೂ ನಷ್ಟ ಬೆಳೆದು, 2021ರ ಆಗಸ್ಟ್ ಅಂತ್ಯಕ್ಕೆ ಸಾಲವು 61,562 ಕೋಟಿ ರೂಪಾಯಿಗೆ ಮುಟ್ಟಿತು. 2018ರಲ್ಲಿ ಸರಕಾರವು ನೂರಕ್ಕೆ 76 ಪಾಲನ್ನು ಮಾರಲು ಮುಂದಾದಾಗ ಒಬ್ಬರೂ ಕೊಳ್ಳಲು ಬರಲಿಲ್ಲ. ಅನಂತರ ಇಡೀ ಸಂಸ್ಥೆಯನ್ನೇ ಮಾರಾಟಕ್ಕಿಟ್ಟಾಗ ಟಾಟಾ ಸಮೂಹವು 2021ರಲ್ಲಿ 18,000 ಕೋಟಿ ರೂಪಾಯಿಗಳ ಬೆಲೆ ಹೇಳಿ ಗೆದ್ದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಡವಿಟ್ಟ ಹೊಲವನ್ನು ಕೊಳ್ಳುವವನು ಅದರ ಮೇಲಿನ ಸಾಲವನ್ನೂ ಲೆಕ್ಕ ಹಿಡಿದೇ ಬೆಲೆ ಕಟ್ಟುತ್ತಾನೆ. ಅಂತೆಯೇ ಈ ಮೊತ್ತದಲ್ಲಿ 15,300 ಕೋಟಿ ಕೊಂಡವರು ಹೊತ್ತುಕೊಂಡ ಸಾಲ. ಸರಕಾರಕ್ಕೆ ನಗದಾಗಿ ಬಂದುದು 2,700 ಕೋಟಿ ಮಾತ್ರ. ಉಳಿದ 46,262 ಕೋಟಿ ಸಾಲವು ಸರಕಾರದ ಮತ್ತೊಂದು ಕಂಪೆನಿಯ ಪಾಲಿಗೆ ಉಳಿಯಿತು. ಅದರ ಹೊರೆ ಕೊನೆಗೆ ತೆರಿಗೆ ತೆರುವ ಪ್ರಜೆಗಳ ಮೇಲೆಯೇ ಬೀಳುವುದು. ಒಂದು ವರ್ಷದವರೆಗೆ ನೌಕರರನ್ನು ತೆಗೆದುಹಾಕಬಾರದೆಂಬ ಷರತ್ತೂ ಇದ್ದಿತು. 2022ರ ಜನವರಿ 27ರಂದು ಸಂಸ್ಥೆಯು ಹಳೆಯ ಮನೆತನಕ್ಕೆ ಮರಳಿತು.

ಸರಕಾರದ ಒಡೆತನವೆಲ್ಲ ಒಳಿತೆಂದಾಗಲಿ ಖಾಸಗಿಯದೆಲ್ಲ ಲೇಸೆಂದಾಗಲಿ ಈ ಕಥೆ ಸಾರುವುದಿಲ್ಲ. ಇಂತಹ ಮಾರಾಟದ ಸುದ್ದಿಯನ್ನು ಓದಿದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು: ಸಾಲ ಯಾರ ಪಾಲಿಗೆ ಬಂದಿತು? ದುಡಿಯುವವರ ಗತಿಯೇನು? ಜನರಿಗೆ ದೊರೆಯುವ ಸೇವೆ ಸುಧಾರಿಸುವುದೇ? ಮಾರಿದುದು ಪ್ರಜೆಗಳ ಸೊತ್ತು. ಆದಕಾರಣ ಲೆಕ್ಕ ಕೇಳುವ ಹಕ್ಕೂ ಪ್ರಜೆಗಳದೇ.